ಆಲ್ಮನ್ ಸ್ಟ್ರೌಜರನೂ ದಾರಿ ತಪ್ಪಿದ ಕರೆಗಳೂ

ವಿಜ್ಞಾನದ ಇತಿಹಾಸದಲ್ಲಿ ಕುತೂಹಲದಿಂದ ಹುಟ್ಟಿದ ಯಂತ್ರಗಳು ಹಲವು. ಲಾಭದ ಆಸೆಯಿಂದ ಹುಟ್ಟಿದವು ಅದಕ್ಕಿಂತಲೂ ಹೆಚ್ಚು. ಯುದ್ಧದ ಒತ್ತಾಯದಿಂದ ಹುಟ್ಟಿದವೂ ಉಂಟು. ಆದರೆ ಸಿಟ್ಟಿನಿಂದ ಹುಟ್ಟಿದ ಯಂತ್ರ ಅಪರೂಪ. ಒಬ್ಬನು ಮತ್ತೊಬ್ಬನೊಡನೆ ದೂರವಾಣಿಯಲ್ಲಿ ಮಾತನಾಡಬೇಕೆಂದಾಗ, ನಡುವೆ ಯಾರ ಕೈಯೂ ಸೋಕದೆ ತಂತಿಗೆ ತಂತಿ ತಾನಾಗಿಯೇ ಕೂಡಿಕೊಳ್ಳುವ ಏರ್ಪಾಡು ಹುಟ್ಟಿದ್ದು ಹಾಗೆ. ಅದನ್ನು ಮೊದಲ ಬಾರಿಗೆ ಕೆಲಸಕ್ಕೆ ಬರುವಂತೆ ಮಾಡಿದವನು ವಿದ್ಯುಚ್ಛಾಸ್ತ್ರವನ್ನು ಓದಿದ ಪಂಡಿತನಲ್ಲ. ಸತ್ತವರಿಗೆ ಪೆಟ್ಟಿಗೆಯನ್ನೊದಗಿಸಿ, ಬಂಡಿ ಹೂಡಿಸಿ, ಮಣ್ಣಿಗೆ ಸೇರಿಸುವವರೆಗಿನ ಏರ್ಪಾಡನ್ನೆಲ್ಲ ಹಣಕ್ಕೆ ಮಾಡಿಕೊಡುವ ವೃತ್ತಿ ಅವನದು. ಅವನ ಹೆಸರು ಆಲ್ಮನ್ ಬ್ರೌನ್ ಸ್ಟ್ರೌಜರ್.

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಇಂಥ ವಿಷಯಕ್ಕೆ ಕೈ ಹಾಕಬಹುದೇ ಎಂದು ವಿಜ್ಞಾನದ ಮಿತ್ರರು ಹುಬ್ಬೇರಿಸಬಹುದು. ಈ ಯಂತ್ರವನ್ನು ಕಂಡುಹಿಡಿದವನೇ ನಮ್ಮ ಪಂಗಡಕ್ಕೆ ಸೇರಿದವನಾದ್ದರಿಂದ ನನಗೆ ಅಷ್ಟು ಸಂಕೋಚವಿಲ್ಲ.

ಸ್ಟ್ರೌಜರನು ಹುಟ್ಟಿದ್ದು ೧೮೩೯ನೆಯ ಇಸವಿ ಫೆಬ್ರವರಿ ೧೧ರಂದು, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ರಾಚೆಸ್ಟರ್ ಪಟ್ಟಣಕ್ಕೆ ಸಮೀಪದ ಪೆನ್‌ಫೀಲ್ಡ್ ಎಂಬ ಊರಿನಲ್ಲಿ. ತಾಯಿ ಏನಾದರೂ ಮನೆಗೆಲಸ ಹೇಳಿದರೆ ಅದನ್ನು ಮಾಡಿ ಮುಗಿಸುವುದರ ಬದಲು, ಅದನ್ನು ಮಾಡುವ ಯಂತ್ರವೊಂದನ್ನು ಹೂಡಲು ಅಣ್ಣತಮ್ಮಂದಿರು ಕುಳಿತುಬಿಡುತ್ತಿದ್ದರಂತೆ. ದೊಡ್ಡವರ ಬಾಲ್ಯಕ್ಕೆ ಇಂಥ ಕಥೆಗಳು ಆಮೇಲೆ ಅಂಟಿಕೊಳ್ಳುವುದುಂಟು. ಓದುಗರು ಬೇಕಾದರೆ ನಂಬಬಹುದು. ಅಮೆರಿಕದ ಅಂತರ್ಯುದ್ಧದಲ್ಲಿ ಅವನು ನ್ಯೂಯಾರ್ಕಿನ ಕುದುರೆ ಪಡೆಯಲ್ಲಿ ಸೇವೆ ಸಲ್ಲಿಸಿದನು. ಯುದ್ಧಾನಂತರ ಕೆಲವು ಕಾಲ ಶಾಲೆಯಲ್ಲಿ ಪಾಠ ಹೇಳಿದನು. ಕೊನೆಗೆ ಪಶ್ಚಿಮಕ್ಕೆ ಸರಿದು ಕ್ಯಾನ್ಸಸ್ ಸಂಸ್ಥಾನದ ಎಲ್ ಡೊರಾಡೊ ಎಂಬಲ್ಲಿ ಶವಸಂಸ್ಕಾರದ ವೃತ್ತಿಯನ್ನು ಹಿಡಿದನು. ಅಲ್ಲಿಂದ ಟೊಪೀಕಾ, ಬಳಿಕ ಮಿಸೌರಿಯ ಕ್ಯಾನ್ಸಸ್ ಸಿಟಿ: ಹೀಗೆ ಊರು ಬದಲಾಯಿತು, ವೃತ್ತಿ ಬದಲಾಗಲಿಲ್ಲ. ನಲವತ್ತೈದು ವರ್ಷಗಳವರೆಗೆ ಅವನ ಬಾಳಿನಲ್ಲಿ ಇತಿಹಾಸಕಾರನು ನಿಂತು ನೋಡಬೇಕಾದದ್ದು ಏನೂ ಇಲ್ಲ.

ಆ ಕಾಲದ ದೂರವಾಣಿಯ ಸ್ಥಿತಿಯನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ೧೮೭೮ರ ಜನವರಿಯಲ್ಲಿ ನ್ಯೂ ಹೇವನ್ ಪಟ್ಟಣದಲ್ಲಿ ಮೊದಲ ವ್ಯಾಪಾರೀ ಎಕ್ಸ್‌ಚೇಂಜು ತೆರೆಯಿತು. ಊರಿನ ಚಂದಾದಾರರ ಮನೆಗಳಿಂದ ಬಂದ ತಂತಿಗಳೆಲ್ಲ ಒಂದು ಹಲಗೆಯಲ್ಲಿ ಬಂದು ಕೂಡುತ್ತಿದ್ದವು. ಅದರ ಮುಂದೆ ಕುಳಿತವರು, ನಿಮಗೆ ಯಾರು ಬೇಕೆಂದು ಕೇಳಿ, ನಿಮ್ಮ ತಂತಿಯನ್ನು ಅವರ ತಂತಿಗೆ ಕೈಯಿಂದ ಜೋಡಿಸಬೇಕು. ಮೊದಲು ಹುಡುಗರನ್ನು ಈ ಕೆಲಸಕ್ಕೆ ಇಟ್ಟಿದ್ದರು. ಅವರು ಗಿರಾಕಿಗಳನ್ನು ಗದರಿಸುವುದೂ ತಮ್ಮತಮ್ಮಲ್ಲೇ ಕುಸ್ತಿಗೆ ಬೀಳುವುದೂ ಹೆಚ್ಚಾದುದರಿಂದ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಾಸ್ಟನ್ನಿನಲ್ಲಿ ಎಮ್ಮಾ ನಟ್ ಎಂಬಾಕೆಯನ್ನು ನೇಮಿಸಿಕೊಂಡರು. ಅಲ್ಲಿಂದ ಮುಂದೆ ಈ ಉದ್ಯೋಗ ಬಹುಮಟ್ಟಿಗೆ ಹೆಣ್ಣುಮಕ್ಕಳದಾಯಿತು. ಆಪರೇಟರಳಿಗೆ ಊರಿನ ಸಮಾಚಾರವೆಲ್ಲ ತಿಳಿದಿರುತ್ತಿತ್ತು. ಯಾರ ಮನೆಯಲ್ಲಿ ಕಾಯಿಲೆ, ವೈದ್ಯರು ಎಲ್ಲಿಗೆ ಹೋಗಿದ್ದಾರೆ, ಎಲ್ಲಿ ಬೆಂಕಿ ಬಿದ್ದಿದೆ, ಎಲ್ಲವನ್ನೂ ಆಕೆ ಬಲ್ಲಳು. ಆದ್ದರಿಂದ ಯಾರ ಕರೆ ಯಾರಿಗೆ ಮುಟ್ಟಬೇಕು ಎಂಬ ವಿಷಯದಲ್ಲಿ ಆಕೆಯ ಪ್ರಾಮಾಣಿಕತೆಯ ಮೇಲೆ ಊರೇ ಭಾರ ಹಾಕಿತ್ತು.

ಸ್ಟ್ರೌಜರನಿಗೆ ಅನುಮಾನ ಹುಟ್ಟಿದ್ದು ಇಲ್ಲಿಯೇ. ಅವನ ಅಂಗಡಿಗೆ ಬರಬೇಕಾದ ಕರೆಗಳು ಬರುತ್ತಿಲ್ಲ. ಕರೆದವರಿಗೆ ಅವನ ತಂತಿ ಕೆಲಸದಲ್ಲಿದೆ ಎಂಬ ಉತ್ತರ ಸಿಗುತ್ತಿದೆ. ಅತ್ತ ಎದುರಾಳಿಯ ವ್ಯಾಪಾರ ಮಾತ್ರ ಏರುತ್ತಿದೆ. ಎಕ್ಸ್‌ಚೇಂಜಿನಲ್ಲಿ ಕುಳಿತ ಆಪರೇಟರಳು ಆ ಎದುರಾಳಿಯ ಹೆಂಡತಿಯೇ ಎಂದು ಕಥೆ ಹೇಳುತ್ತದೆ. ಅವನಿಗೆ ಆಪ್ತನಾಗಿದ್ದವನೊಬ್ಬನು ತೀರಿಹೋದಾಗ ಆ ಮನೆಯ ಕರೆಯೂ ಎದುರಾಳಿಗೇ ಹೋಯಿತೆಂದು ಇನ್ನೂ ಕೆಲವರು ಸೇರಿಸುತ್ತಾರೆ. ಇದು ಟೊಪೀಕಾದಲ್ಲಿ ನಡೆಯಿತೆಂದು ಒಬ್ಬರು, ಕ್ಯಾನ್ಸಸ್ ಸಿಟಿಯಲ್ಲೆಂದು ಮತ್ತೊಬ್ಬರು.

ಇದೇ ಕಥೆಗೆ ಇನ್ನೊಂದು ಮುಖವೂ ಉಂಟು, ಇದನ್ನು ಹೇಳಿದ್ದು ದೂರವಾಣಿ ಕಂಪೆನಿಯ ಕಡೆಯವರು. ಸ್ಟ್ರೌಜರನ ದೂರುಗಳ ಕಾಟ ತಾಳಲಾರದೆ ಕಂಪೆನಿಯ ಅಧಿಕಾರಿಯೊಬ್ಬನು ಆಳುಗಳೊಡನೆ ಅವನ ಅಂಗಡಿಗೇ ಬಂದು ತಂತಿಯನ್ನು ಪರೀಕ್ಷಿಸಿದನಂತೆ. ಅಲ್ಲಿ ತೂಗುಹಾಕಿದ್ದ ಲೋಹದ ನಾಮಫಲಕವೊಂದು ಗಾಳಿಗೆ ಅಲುಗಿದಾಗ ತಂತಿಗಳಿಗೆ ತಗಲಿ, ಅವನ ದೂರವಾಣಿ ಆಗಾಗ ನಿಷ್ಕ್ರಿಯವಾಗುತ್ತಿತ್ತಂತೆ. ಗಾಳಿ ನಿಂತರೆ ಎಲ್ಲವೂ ಸರಿ.

ಈ ಎರಡು ಕಥೆಗಳಲ್ಲಿ ಮೊದಲನೆಯದು ಎಲ್ಲ ಪುಸ್ತಕಗಳಲ್ಲಿಯೂ ಬರುತ್ತದೆ. ಎರಡನೆಯದನ್ನು ಹೇಳುವವರು ಕಡಿಮೆ. ಎರಡನೆಯದು ನಿಜವಾಗಿದ್ದರೆ, ಏನೂ ಅರಿಯದ ಹೆಣ್ಣುಮಗಳೊಬ್ಬಳು ನೂರಮೂವತ್ತು ವರ್ಷಗಳಿಂದ ವಂಚಕಿಯೆಂಬ ಹೆಸರನ್ನು ಹೊತ್ತಿದ್ದಾಳೆ. ಆಕೆಯ ಪರವಾಗಿ ಮಾತನಾಡಿದವರು ಯಾರೂ ಇಲ್ಲ. ಸ್ಟ್ರೌಜರನ ಪ್ರತಿಭೆಯನ್ನು ಎಷ್ಟು ಮೆಚ್ಚಿದರೂ, ಕರೆ ಬಾರದಿದ್ದಾಗ ಅವನು ತಂತಿಯನ್ನು ನೋಡುವ ಮೊದಲು ಮನುಷ್ಯರನ್ನು ಶಂಕಿಸಿದನೆಂಬುದು ನನ್ನ ಮನಸ್ಸಿನಲ್ಲಿ ಉಳಿದೇ ಇದೆ.

ಅದು ಹೇಗೇ ಇರಲಿ, ಬೇರೆಯವನಾಗಿದ್ದರೆ ಜಗಳವಾಡಿ ಸುಮ್ಮನಾಗುತ್ತಿದ್ದನು. ಇವನು ಆಪರೇಟರಳನ್ನೇ ಇಲ್ಲವಾಗಿಸುವ ಯಂತ್ರಕ್ಕೆ ಕುಳಿತನು. ಕೊರಳಪಟ್ಟಿ ಇಡುವ ಗುಂಡಗಿನ ರಟ್ಟಿನ ಡಬ್ಬಿಯೊಂದಕ್ಕೆ ಸಾಲುಸಾಲಾಗಿ ಗುಂಡುಸೂಜಿಗಳನ್ನು ಚುಚ್ಚಿ, ನಡುವೆ ಒಂದು ಪೆನ್ಸಿಲನ್ನು ನಿಲ್ಲಿಸಿ, ಮೊದಲ ಮಾದರಿಯನ್ನು ಮಾಡಿದನೆಂದು ಪ್ರತೀತಿ. ಒಂದೊಂದು ಸೂಜಿಯೂ ಒಬ್ಬೊಬ್ಬ ಚಂದಾದಾರನ ತಂತಿ. ನಡುವಿನ ಕಡ್ಡಿ ಮೊದಲು ಮೇಲಕ್ಕೆ ಏರಿ ಸಾಲನ್ನು ಹಿಡಿಯಬೇಕು, ಆಮೇಲೆ ಪಕ್ಕಕ್ಕೆ ತಿರುಗಿ ಆ ಸಾಲಿನಲ್ಲಿ ಬೇಕಾದ ಸೂಜಿಯನ್ನು ಮುಟ್ಟಬೇಕು. ಹತ್ತು ಸಾಲು, ಸಾಲಿಗೆ ಹತ್ತು ಸೂಜಿ ಎಂದಿಟ್ಟುಕೊಂಡರೆ ನೂರು ಮನೆಗಳಾದವು. ಏಳು ಹೆಜ್ಜೆ ಮೇಲೆ, ಮೂರು ಹೆಜ್ಜೆ ಪಕ್ಕಕ್ಕೆ, ಎಪ್ಪತ್ತಮೂರನೆಯವನು ಸಿಕ್ಕಿದನು. ಮುಂದೆ ಪ್ರಪಂಚದ ಅರ್ಧಕ್ಕೆ ಹರಡಿದ ಯಂತ್ರದ ಮೂಲತತ್ತ್ವ ಇಷ್ಟೆ.

೧೮೮೯ರ ಮಾರ್ಚಿಯಲ್ಲಿ ಅವನು ಪೇಟೆಂಟಿಗೆ ಅರ್ಜಿ ಹಾಕಿದನು. ೧೮೯೧ರ ಮಾರ್ಚಿ ೧೦ರಂದು ಅದು ಮಂಜೂರಾಯಿತು. ಸ್ವಯಂಚಾಲಿತ ಎಕ್ಸ್‌ಚೇಂಜಿನ ಕಲ್ಪನೆ ಅವನಿಗೇ ಮೊದಲು ಹೊಳೆದದ್ದಲ್ಲ. ಕನೊಲಿ ಸೋದರರೂ ಮೆಕ್‌ಟೈ ಎಂಬುವನೂ ೧೮೭೯ರಲ್ಲಿಯೇ ಒಂದು ಪೇಟೆಂಟನ್ನು ಪಡೆದಿದ್ದರು. ಅದು ಬಳಕೆಗೆ ಬರಲಿಲ್ಲ. ಸ್ಟ್ರೌಜರನದು ಬಂದಿತು. ಸೋದರಳಿಯ ವಾಲ್ಟರ್, ಜೋಸೆಫ್ ಹ್ಯಾರಿಸ್ ಎಂಬ ವ್ಯಾಪಾರಚತುರ ಮುಂತಾದವರ ನೆರವಿನಿಂದ ೧೮೯೧ರ ಅಕ್ಟೋಬರಿನಲ್ಲಿ ಕಂಪೆನಿ ಸ್ಥಾಪಿತವಾಯಿತು. ೧೮೯೨ರ ನವೆಂಬರ್ ೩ರಂದು ಇಂಡಿಯಾನಾ ಸಂಸ್ಥಾನದ ಲಾ ಪೋರ್ಟ್ ಎಂಬ ಸಣ್ಣ ಪಟ್ಟಣದಲ್ಲಿ ಪ್ರಪಂಚದ ಮೊದಲ ಸಾರ್ವಜನಿಕ ಸ್ವಯಂಚಾಲಿತ ಎಕ್ಸ್‌ಚೇಂಜು ಕೆಲಸ ಪ್ರಾರಂಭಿಸಿತು. ಚಂದಾದಾರರು ಸುಮಾರು ೭೫ ಮಂದಿ. ಯಂತ್ರದ ಶಕ್ತಿ ೯೯ ತಂತಿಗಳದು. ಹುಡುಗಿಯಿಲ್ಲ, ಬೈಗುಳವಿಲ್ಲ, ಕಾಯಬೇಕಾದ್ದಿಲ್ಲ, ಕೆಡುವ ಮಾತೇ ಇಲ್ಲ ಎಂದು ಈ ಹೊಸ ದೂರವಾಣಿಯ ಗುಣಗಾನವಾಯಿತು.

ಕೆಡುವ ಮಾತೇ ಇಲ್ಲ ಎಂಬುದೊಂದನ್ನು ಬಿಟ್ಟರೆ ಉಳಿದದ್ದು ಬಹುಪಾಲು ಸರಿ.

ಮನೆಯಲ್ಲಿದ್ದ ಉಪಕರಣಕ್ಕೆ ಆಗ ಡಯಲು ಇರಲಿಲ್ಲ, ಗುಂಡಿಗಳಿದ್ದವು. ಐವತ್ತೇಳು ಬೇಕಾದರೆ ಹತ್ತರ ಗುಂಡಿಯನ್ನು ಐದು ಸಲ, ಬಿಡಿಯ ಗುಂಡಿಯನ್ನು ಏಳು ಸಲ ಒತ್ತಬೇಕು. ಒಂದೊಂದು ಮನೆಗೂ ಹಲವು ತಂತಿಗಳನ್ನು ಎಳೆಯಬೇಕು. ಒತ್ತುವಾಗ ಎಣಿಕೆ ತಪ್ಪಿದರೆ, ಅವಸರದಲ್ಲಿ ಒಂದು ಒತ್ತು ಅರ್ಧಕ್ಕೆ ನಿಂತರೆ, ಕರೆ ಪಕ್ಕದ ಮನೆಗೆ ಹೋಗುತ್ತದೆ. ಅಂದರೆ ಕರೆ ದಾರಿ ತಪ್ಪುವುದು ನಿಲ್ಲಲಿಲ್ಲ. ಹಿಂದೆ ಎಕ್ಸ್‌ಚೇಂಜಿನಲ್ಲಿದ್ದ ತಪ್ಪು ಈಗ ಕರೆಯುವವನ ಬೆರಳಿಗೆ ಬಂದು ಕುಳಿತಿತು. ಇದಕ್ಕೆ ಪರಿಹಾರ ಕಂಡುಹಿಡಿದವನು ಸ್ಟ್ರೌಜರನಲ್ಲ. ಅವನ ಕಂಪೆನಿಯಲ್ಲಿ ಅಲೆಗ್ಸಾಂಡರ್ ಕೀತ್, ಜಾನ್ ಮತ್ತು ಚಾರ್ಲ್ಸ್ ಎರಿಕ್‌ಸನ್ ಎಂಬ ಸಮರ್ಥರು ಸೇರಿಕೊಂಡಿದ್ದರು. ೧೮೯೬ರಲ್ಲಿ ಇವರ ಕೈಯಿಂದ ಡಯಲು ಬಂದಿತು. ಮುಂದೆ ಅದು ಪಡೆದ ರೂಪ ಹಿರಿಯರೆಲ್ಲರಿಗೂ ಗೊತ್ತು. ಬೆರಳಿಟ್ಟು ತಿರುಗಿಸಿ ಬಿಟ್ಟರೆ ಚಕ್ರವು ಹಿಂದಿರುಗುವಾಗ, ಒಳಗಿನ ಯಂತ್ರ ತಾನೇ ಎಣಿಸಿ, ಏಳಕ್ಕೆ ಏಳು ಸಲ, ಸೊನ್ನೆಗೆ ಹತ್ತು ಸಲ, ತಂತಿಯ ವಿದ್ಯುತ್ತನ್ನು ಕಡಿದು ಕಡಿದು ಕೂಡಿಸುತ್ತದೆ. ಎಣಿಸುವ ಭಾರ ಬೆರಳಿನಿಂದ ತಪ್ಪಿತು.

ಈ ಹೊತ್ತಿಗೆ ಸ್ಟ್ರೌಜರನಿಗೆ ಯಂತ್ರದ ಮೇಲಿನ ಹಂಬಲ ತೀರಿತ್ತೆಂದು ತೋರುತ್ತದೆ. ೧೮೯೬ರಲ್ಲಿ ತನ್ನ ಪೇಟೆಂಟುಗಳನ್ನು ೧,೮೦೦ ಡಾಲರಿಗೂ, ೧೮೯೮ರಲ್ಲಿ ಕಂಪೆನಿಯಲ್ಲಿದ್ದ ಪಾಲನ್ನು ೧೦,೦೦೦ ಡಾಲರಿಗೂ ಮಾರಿಬಿಟ್ಟನು. ಆರೋಗ್ಯ ಕೆಟ್ಟು ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ ನೆಲಸಿದನು. ೧೯೦೨ರ ಮೇ ೨೬ರಂದು, ೬೩ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡನು. ಅದೇ ಊರಿನ ಗ್ರೀನ್‌ವುಡ್ ಶ್ಮಶಾನದಲ್ಲಿ ಅವನ ಸಮಾಧಿಯಿದೆ. ೧೯೧೬ರಲ್ಲಿ ಆ ಪೇಟೆಂಟುಗಳಿಗಾಗಿ ಬೆಲ್ ಕಂಪೆನಿ ೨೫ ಲಕ್ಷ ಡಾಲರನ್ನು ಕೊಟ್ಟಿತೆನ್ನುತ್ತಾರೆ. ಆಪರೇಟರಳಿಂದ ವ್ಯಾಪಾರ ಹೋಯಿತೆಂದು ಅಷ್ಟು ಕೆರಳಿದ ಮನುಷ್ಯನು ಈ ವ್ಯಾಪಾರವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದು ಹೇಗೆಂಬುದು ನನಗೆ ಇಂದಿಗೂ ಒಗಟು.

ವ್ಯಕ್ತಿಯ ಕಥೆ ಇಲ್ಲಿಗೆ ಮುಗಿಯಿತು. ಆದರೆ ಅವನ ಸಿಟ್ಟಿಗೆ ಕಾರಣವಾದ ಪ್ರಶ್ನೆ, ಹೋಗಬೇಕಾದ ಕರೆ ಹೋಗಬೇಕಾದಲ್ಲಿಗೆ ಏಕೆ ಹೋಗಲಿಲ್ಲ ಎಂಬುದು, ಅವನ ನಂತರವೇ ಕಠಿಣವಾಯಿತು. ಲಾ ಪೋರ್ಟಿನಲ್ಲಿ ಇದ್ದದ್ದು ಒಂದೇ ಎಕ್ಸ್‌ಚೇಂಜು. ದೊಡ್ಡ ನಗರದಲ್ಲಿ ಬಡಾವಣೆಗೊಂದರಂತೆ ಎಕ್ಸ್‌ಚೇಂಜುಗಳಾದಾಗ ಒಂದು ಯಂತ್ರವು ಇನ್ನೊಂದು ಯಂತ್ರಕ್ಕೆ ಸಂಕೇತ ಕಳುಹಿಸಬೇಕಾಗುತ್ತದೆ. ನೀವು ರಿಸೀವರನ್ನು ಎತ್ತಿದೊಡನೆ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಎಕ್ಸ್‌ಚೇಂಜಿನ ಸೆಲೆಕ್ಟರೊಂದು ನಿಮಗೆ ದೊರೆತು ಗುಂಯ್ಯೆಂಬ ಡಯಲ್ ನಾದ ಕೇಳುತ್ತದೆ. ಮೊದಲ ಅಂಕಿಗೆ ಸೆಲೆಕ್ಟರಿನ ಕಡ್ಡಿ ಅಷ್ಟು ಮೆಟ್ಟಲು ಮೇಲೇರುತ್ತದೆ. ಆ ಸಾಲಿನಲ್ಲಿರುವುದು ಮನೆಗಳ ತಂತಿಗಳಲ್ಲ, ಬೇರೆ ಎಕ್ಸ್‌ಚೇಂಜಿಗೆ ಹೊರಟ ಜಂಕ್ಷನ್ ತಂತಿಗಳು. ಕಡ್ಡಿ ತಾನಾಗಿ ತಿರುಗುತ್ತ, ಕೆಲಸದಲ್ಲಿರುವುದನ್ನು ದಾಟುತ್ತ, ಮೊದಲು ಸಿಕ್ಕ ಬಿಡುವಿನ ತಂತಿಯನ್ನು ಹಿಡಿಯುತ್ತದೆ. ಹತ್ತೂ ಕೆಲಸದಲ್ಲಿದ್ದರೆ ಹನ್ನೊಂದನೆಯ ಹೆಜ್ಜೆಗೆ ಹೋಗಿ ನಿಂತು ನಿಮಗೆ ಬಿಡುವಿಲ್ಲವೆಂಬ ನಾದವನ್ನು ಕೇಳಿಸುತ್ತದೆ. ನಿಮ್ಮ ಮುಂದಿನ ಅಂಕಿಗಳು ಆ ಜಂಕ್ಷನ್ ತಂತಿಯ ಮೇಲೆ ಮಿಡಿತಗಳಾಗಿ ಹೋಗಿ ದೂರದ ಯಂತ್ರವನ್ನು ನಡೆಸಬೇಕು.

ಈ ಮಿಡಿತ ಬಹಳ ಸೂಕ್ಷ್ಮವಾದದ್ದು. ಸೆಕೆಂಡಿಗೆ ಸುಮಾರು ಹತ್ತು; ಒಂದೊಂದರಲ್ಲಿ ಮೂರರಲ್ಲಿ ಎರಡು ಪಾಲು ಕಡಿತ, ಒಂದು ಪಾಲು ಕೂಡಿಕೆ. ಹತ್ತಿರದ ತಂತಿಯಲ್ಲಿ ಇದು ನೆಟ್ಟಗೆ ಮುಟ್ಟುತ್ತದೆ. ಮೈಲಿಗಟ್ಟಲೆ ಹೋದ ತಂತಿಯಲ್ಲಿ ಅದರ ರೋಧವೂ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಗುಣವೂ ಸೇರಿ, ಚೂಪಾದ ಮಿಡಿತ ಮೊಂಡಾಗುತ್ತದೆ. ಆ ತುದಿಯ ರಿಲೇ ಏಳನ್ನು ಆರೆಂದು ಎಣಿಸಬಹುದು. ತಂತಿಯಲ್ಲಿ ತೇವ ಸೇರಿ ವಿದ್ಯುತ್ತು ಸೋರಿದರೆ, ಕಡಿತವೇ ಅದಕ್ಕೆ ಗೊತ್ತಾಗದಿರಬಹುದು. ಆದ್ದರಿಂದ ಸವೆದ ಮಿಡಿತವನ್ನು ದಾರಿಯಲ್ಲಿ ಹೊಸದಾಗಿ ಮಾಡಿ ಕಳುಹಿಸುವ ಉಪಕರಣಗಳನ್ನು ಕೂಡಿಸಿದರು. ಇನ್ನೂ ದೂರವಾದರೆ ಮಿಡಿತದ ಬದಲು ನಾದಗಳನ್ನೇ ಸಂಕೇತವಾಗಿ ಬಳಸಿದರು.

ಕರೆ ಹೊರಗೆ ಹೋಗುವುದಿಲ್ಲವೆಂದು ದೂರು ಬಂದಾಗ ಪರೀಕ್ಷಿಸುವವನು ಮಾಡುತ್ತಿದ್ದ ಕೆಲಸ, ಪತ್ತೇದಾರನ ಕೆಲಸಕ್ಕಿಂತ ಕಡಿಮೆಯದಲ್ಲ. ಊರೊಳಗಿನ ಕರೆಗಳು ಸರಿಯಾಗಿ ಹೋಗುತ್ತಿವೆಯೇ ಎಂದು ಮೊದಲು ನೋಡಬೇಕು. ಹೋಗುತ್ತಿದ್ದರೆ ಚಂದಾದಾರನ ಡಯಲೂ ಮೊದಲ ಸೆಲೆಕ್ಟರೂ ಬಹುಮಟ್ಟಿಗೆ ನಿರ್ದೋಷಿಗಳು. ಒಂದು ಎಕ್ಸ್‌ಚೇಂಜಿಗೆ ಮಾತ್ರ ತಪ್ಪುತ್ತಿದ್ದರೆ ಸಂದೇಹ ಆ ದಿಕ್ಕಿನ ಜಂಕ್ಷನ್ನುಗಳ ಮೇಲೆ. ಯಾವಾಗಲೂ ತಪ್ಪದೆ ಆಗಾಗ ಮಾತ್ರ ತಪ್ಪುತ್ತಿದ್ದರೆ ಹಲವು ತಂತಿಗಳಲ್ಲಿ ಒಂದು ಕೆಟ್ಟಿರಬೇಕು.

ಆ ಕೆಟ್ಟ ಒಂದು ತಂತಿಯ ಚೇಷ್ಟೆಯನ್ನು ಕೇಳಿ. ಒಳ್ಳೆಯ ತಂತಿಗಳ ಮೇಲೆ ಜನ ಮೂರು ನಾಲ್ಕು ನಿಮಿಷ ಮಾತನಾಡುತ್ತಾರೆ. ಅಷ್ಟು ಹೊತ್ತು ಅವು ಕೆಲಸದಲ್ಲಿರುತ್ತವೆ. ಕೆಟ್ಟ ತಂತಿಗೆ ಬಿದ್ದವನಿಗೆ ಯಾವ ಶಬ್ದವೂ ಕೇಳಿಸದು. ಅವನು ಕೆಲವು ಕ್ಷಣ ಕಾದು ರಿಸೀವರನ್ನು ಕೆಳಗಿಡುತ್ತಾನೆ. ಆ ತಂತಿ ಕೂಡಲೇ ಬಿಡುವಾಗುತ್ತದೆ. ಸೆಲೆಕ್ಟರು ಹುಡುಕುವುದು ಬಿಡುವಾದ ತಂತಿಯನ್ನು ತಾನೆ? ಮುಂದಿನವನೂ ಅದಕ್ಕೇ ಬೀಳುತ್ತಾನೆ, ಅವನ ಹಿಂದಿನವನೂ ಅದಕ್ಕೇ. ಹತ್ತರಲ್ಲಿ ಒಂದು ಕೆಟ್ಟರೆ ಹತ್ತರಲ್ಲಿ ಒಂದು ಪಾಲು ಕರೆಗಳಷ್ಟೇ ಹಾಳಾಗಬೇಕೆಂದು ನಮ್ಮ ಅಂಕಗಣಿತ ಹೇಳುತ್ತದೆ. ನಡೆಯುವುದು ಅದಕ್ಕಿಂತ ಬಹಳ ಹೆಚ್ಚು. ಮೈಗಳ್ಳನಾದ ಗುಮಾಸ್ತನ ಮೇಜಿನ ಮುಂದೆ ಸಾಲು ಯಾವಾಗಲೂ ಖಾಲಿಯಾಗಿ ಕಂಡು, ಹೊಸಬರೆಲ್ಲ ಅಲ್ಲಿಗೇ ಹೋಗಿ ಮೋಸಹೋದಂತೆ! ಆ ತಂತಿಯನ್ನು ಗುರುತಿಸಿ, ಕೆಲಸದಲ್ಲಿರುವಂತೆ ಕೃತಕವಾಗಿ ತೋರಿಸಿ ಬದಿಗಿಟ್ಟರೆ, ಸಾಲೆಲ್ಲ ಒಮ್ಮೆಗೇ ಸರಿಹೋಗುತ್ತದೆ. ಬಳಿಕ ನಿಧಾನವಾಗಿ ಅದರ ರಿಲೇಗಳ ತುದಿಗೆ ಧೂಳು ಕುಳಿತಿದೆಯೇ, ಅದರ ಎಲೆಗಳ ಬಿಗಿ ಸಡಿಲಿದೆಯೇ, ತಂತಿ ಎಲ್ಲಿಯಾದರೂ ನೆಲ ಮುಟ್ಟುತ್ತಿದೆಯೇ ಎಂದು ನೋಡಬಹುದು.

ಸ್ಟ್ರೌಜರನ ಯಂತ್ರದ ದೊಡ್ಡ ಗುಣವೆಂದರೆ ಇದೆಲ್ಲ ಕಣ್ಣಿಗೆ ಕಾಣುವಂಥದು, ಕಿವಿಗೆ ಕೇಳುವಂಥದು. ಕರೆ ಹೋದ ದಾರಿಯಲ್ಲಿ ಒಂದೊಂದು ಕಡ್ಡಿಯೂ ಏರಿ ತಿರುಗಿ ನಿಂತಿರುತ್ತದೆ. ಪರೀಕ್ಷಕನು ಅವನ್ನು ಒಂದೊಂದಾಗಿ ಹಿಡಿದು ಹೋಗಿ ಕರೆ ಎಲ್ಲಿ ನಿಂತಿತೆಂಬುದನ್ನು ಬೆರಳಿಟ್ಟು ತೋರಿಸಬಹುದು. ಆಪರೇಟರಳು ನಿಜವಾಗಿ ಕರೆಯನ್ನು ತಿರುಗಿಸಿದಳೋ ಇಲ್ಲವೋ ಎಂಬುದಕ್ಕೆ ಸಾಕ್ಷಿಯಿರಲಿಲ್ಲ. ಈ ಯಂತ್ರ ತಪ್ಪು ಮಾಡಿದರೆ, ಕರೆ ಬಿಡುವವರೆಗಾದರೂ, ಸಾಕ್ಷಿಯನ್ನು ಎದುರಿಗೆ ನಿಲ್ಲಿಸಿಕೊಂಡಿರುತ್ತದೆ.

ನಮ್ಮ ದೇಶಕ್ಕೆ ಸ್ವಯಂಚಾಲಿತ ಎಕ್ಸ್‌ಚೇಂಜು ಬಂದದ್ದು ೧೯೧೩-೧೪ರಲ್ಲಿ, ಸಿಮ್ಲಾದಲ್ಲಿ, ೭೦೦ ತಂತಿಗಳದು. ಸ್ವಾತಂತ್ರ್ಯಾನಂತರ ೧೯೪೮ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಹುಟ್ಟಿದಾಗ, ಲಿವರ್‌ಪೂಲಿನ ಕಂಪೆನಿಯೊಂದರ ಸಹಕಾರದಿಂದ ಅಲ್ಲಿ ತಯಾರಾದದ್ದು ಸ್ಟ್ರೌಜರ್ ಪದ್ಧತಿಯ ಯಂತ್ರಗಳೇ. ಕಾರ್ಖಾನೆಯ ಸುತ್ತ ಬೆಳೆದ ಊರಿಗೆ ದೂರವಾಣಿನಗರವೆಂದೇ ಹೆಸರಾಯಿತು. ೧೯೬೦ರಲ್ಲಿ ಲಖ್ನೋ ಮತ್ತು ಕಾನ್ಪುರಗಳ ನಡುವೆ ಚಂದಾದಾರನು ತಾನೇ ಡಯಲು ತಿರುಗಿಸಿ ಊರಿನಿಂದೂರಿಗೆ ಮಾತನಾಡುವ ಸೌಕರ್ಯ ಈ ದೇಶದಲ್ಲಿ ಮೊದಲಾಯಿತು. ಅದಕ್ಕೆ ಮುಂಚೆ ಟ್ರಂಕ್ ಕರೆಯನ್ನು ಬುಕ್ ಮಾಡಿ ಗಂಟೆಗಟ್ಟಲೆ ಕಾದವರ ಕಥೆಗಳನ್ನು ಮನೆಯ ಹಿರಿಯರಿಂದ ಕೇಳಬಹುದು. ಆಮೇಲೆ ಕ್ರಾಸ್‌ಬಾರ್ ಬಂದಿತು, ಎಲೆಕ್ಟ್ರಾನಿಕ್ ಯಂತ್ರಗಳು ಬಂದವು. ಎಕ್ಸ್‌ಚೇಂಜುಗಳು ತಮ್ಮೊಳಗೆ ಸಂಕೇತಗಳನ್ನು ಕಳುಹಿಸಲು ಮಾತಿನ ತಂತಿಯನ್ನು ಬಿಟ್ಟು ಬೇರೆಯೇ ದಾರಿಯನ್ನು ಮಾಡಿಕೊಂಡವು. ಬ್ರಿಟನ್ನಿನ ಕೊನೆಯ ಸ್ಟ್ರೌಜರ್ ಎಕ್ಸ್‌ಚೇಂಜು, ಸ್ಕಾಟ್‌ಲೆಂಡಿನ ಕ್ರಾಫರ್ಡ್ ಎಂಬಲ್ಲಿ, ೧೯೯೫ರಲ್ಲಿ ನಿಂತಿತು. ಅಮೆರಿಕದವರು ತಮ್ಮ ರಾಷ್ಟ್ರೀಯ ಸಂಶೋಧಕರ ಮಂದಿರದಲ್ಲಿ ಸ್ಟ್ರೌಜರನ ಹೆಸರನ್ನು ಬರೆದದ್ದು ಅದಾದ ಹನ್ನೊಂದು ವರ್ಷಗಳ ಮೇಲೆ, ೨೦೦೬ರಲ್ಲಿ.

ನಮ್ಮ ಟೆಲಿಫೋನ್ ಇಲಾಖೆಯಲ್ಲಿ ಸ್ಟ್ರೌಜರ್ ಎಂಬುದು ಬಹುಕಾಲ ಒಂದು ಯಂತ್ರದ ಹೆಸರಾಗಿಯೇ ಬಳಕೆಯಲ್ಲಿತ್ತು. ನಸುಕಿನಲ್ಲಿ ಎಕ್ಸ್‌ಚೇಂಜಿನ ಬಾಗಿಲು ತೆರೆದರೆ, ಊರು ಎದ್ದು ಮಾತನಾಡತೊಡಗಿದಂತೆ, ಸಾವಿರಾರು ಕಡ್ಡಿಗಳು ಏರಿ ತಿರುಗುವ ಟಕಟಕ ಸದ್ದು ಆಲಿಕಲ್ಲಿನ ಮಳೆಯಂತೆ ದಟ್ಟವಾಗುತ್ತಿತ್ತಂತೆ. ಆ ಸದ್ದಿನ ನಡುವೆ ಚಿಕ್ಕ ಬ್ರಷ್ಷು ಹಿಡಿದು ಧೂಳು ಒರೆಸುತ್ತಿದ್ದವರಲ್ಲಿ, ಇದು ಒಬ್ಬ ಮನುಷ್ಯನ ಹೆಸರೆಂದೂ, ಅವನು ಹೆಣದ ಪೆಟ್ಟಿಗೆಗಳ ವ್ಯಾಪಾರಿಯಾಗಿದ್ದನೆಂದೂ ಎಷ್ಟು ಮಂದಿಗೆ ತಿಳಿದಿತ್ತೋ.